ಎಲ್ಲದಕ್ಕೂ ಅಂಕಿಯಿದೆ, ಬೆಲೆಗೆ ಮಾತ್ರ ಇಲ್ಲ: ಆಸ್ಟ್ರೇಲಿಯಾದ ಹೊಸ ಕ್ಯಾರವಾನ್ ಮಾರುಕಟ್ಟೆಯ ಕಥೆ

ಆಸ್ಟ್ರೇಲಿಯಾದಲ್ಲಿ ಹೊಸ ಕ್ಯಾರವಾನ್ ಒಂದರ ಜಾಹೀರಾತನ್ನು ತೆರೆದು ನೋಡಿ. ಉದ್ದ ಎಷ್ಟು ಅಡಿ, ಖಾಲಿ ತೂಕ ಎಷ್ಟು ಕಿಲೋ, ನೀರಿನ ಟ್ಯಾಂಕ್ ಎಷ್ಟು ಲೀಟರ್, ಚಾವಣಿಯ ಮೇಲಿನ ಸೌರ ಫಲಕ ಎಷ್ಟು ವ್ಯಾಟ್, ಬ್ಯಾಟರಿಯ ಶಕ್ತಿ ಎಷ್ಟು, ಫ್ರಿಜ್ ಎಷ್ಟು ದೊಡ್ಡದು ಎಂಬುದೆಲ್ಲ ಒಂದೂ ಬಿಡದಂತೆ ಬರೆದಿರುತ್ತಾರೆ. ಬೆಲೆ ಇರಬೇಕಾದ ಜಾಗದಲ್ಲಿ ಮಾತ್ರ ‘ಬೆಲೆಗಾಗಿ ಸಂಪರ್ಕಿಸಿ’ ಎಂಬ ಸಾಲು ಇರುತ್ತದೆ. ಅದನ್ನು ಒತ್ತಿದರೆ ಹೆಸರು, ಊರು, ಫೋನ್ ಸಂಖ್ಯೆ, ಯಾವಾಗ ಕೊಳ್ಳುವ ಯೋಚನೆಯಿದೆ, ಬದಲಿಗೆ ಕೊಡಲು ಹಳೆಯ ವಾಹನವಿದೆಯೇ, ಸಾಲ ಬೇಕೇ ಎಂಬ ಪ್ರಶ್ನೆಗಳು ಬರುತ್ತವೆ. ಅಂದರೆ ಮಾರುವವನು ತನ್ನ ಬಗ್ಗೆ ಒಂದು ಅಂಕಿಯನ್ನೂ ಹೇಳುವ ಮೊದಲು ಕೊಳ್ಳುವವನ ಜೇಬಿನ ಲೆಕ್ಕವನ್ನೆಲ್ಲ ಕೇಳಿಕೊಂಡಿರುತ್ತಾನೆ. ಎಲ್ಲ ಮಾರಾಟಗಾರರೂ ಹೀಗಿಲ್ಲ, ಬೆಲೆಯನ್ನು ಧಾರಾಳವಾಗಿ ಪ್ರಕಟಿಸುವವರೂ ಇದ್ದಾರೆ. ಆದರೆ ಪ್ರಕಟಿಸದಿರುವುದು ಈ ವ್ಯಾಪಾರದಲ್ಲಿ ಅಪವಾದವಾಗಿ ಉಳಿದಿಲ್ಲ. ಅದು ರೂಢಿಯಾಗಿಬಿಟ್ಟಿದೆ. ಜಾಹೀರಾತಿನಲ್ಲೇ ಬೆಲೆ ಏಕೆ ಹಾಕುವುದಿಲ್ಲ ಎಂದು ಕೇಳುವ ಕೊಳ್ಳುವವರ ಸಿಟ್ಟಿಗೆ ಮೂಲವೂ ಅದೇ.

ಕ್ಯಾರವಾನ್ ಎಂದರೆ ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಮನೆ. ಹಾಸಿಗೆ, ಅಡುಗೆಕಟ್ಟೆ, ಶೌಚಾಲಯ, ಕೆಲವದರಲ್ಲಿ ಬಟ್ಟೆ ಒಗೆಯುವ ಯಂತ್ರವೂ ಇರುತ್ತದೆ. ಆಸ್ಟ್ರೇಲಿಯಾದಲ್ಲಿ ಇದು ಸಿರಿವಂತರ ವಿಲಾಸವೆಂದು ಯಾರೂ ಭಾವಿಸುವುದಿಲ್ಲ. ದೇಶದಲ್ಲಿ ನೋಂದಣಿಯಾದ ಕ್ಯಾರವಾನ್ ಮತ್ತು ಕ್ಯಾಂಪರ್‌ವ್ಯಾನ್‌ಗಳ ಸಂಖ್ಯೆ ಎಂಟು ಲಕ್ಷವನ್ನು ದಾಟಿದೆ. ಕೆಲಸದಿಂದ ನಿವೃತ್ತರಾದ ದಂಪತಿ ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಖಂಡ ಸುತ್ತುವುದು ಅಲ್ಲಿಯ ಒಂದು ಜೀವನಕ್ರಮ. ಅಂಥವರನ್ನು ಅಲ್ಲಿ ‘ಗ್ರೇ ನೋಮ್ಯಾಡ್’ ಎಂದು ಕರೆಯುತ್ತಾರೆ, ನಮ್ಮ ಮಾತಿನಲ್ಲಿ ನರೆಗೂದಲಿನ ಅಲೆಮಾರಿಗಳು. ಶಾಲೆಯ ರಜೆಗಳಲ್ಲಿ ಮಕ್ಕಳ ಜೊತೆ ಹೊರಡುವ ಕುಟುಂಬಗಳೂ ಬಹಳ. ಮೆಲ್ಬರ್ನ್, ಸಿಡ್ನಿಗಳಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲೂ ಈ ಆಸೆ ಇದೆ. ಒಂದು ಕುಟುಂಬಕ್ಕೆ ಸಾಕಾಗುವ ಹೊಸ ಕ್ಯಾರವಾನಿಗೆ ಅರವತ್ತು ಸಾವಿರ ಆಸ್ಟ್ರೇಲಿಯನ್ ಡಾಲರ್‌ನಿಂದ ಒಂದು ಲಕ್ಷ ಡಾಲರ್ ಮೀರಿ ಬೆಲೆಯಾಗಬಹುದು. ನಮ್ಮ ಹಣದಲ್ಲಿ ಮೂವತ್ತು ಲಕ್ಷ ರೂಪಾಯಿಗೂ ಮೇಲೆ. ಮನೆಯನ್ನು ಬಿಟ್ಟರೆ ಬಹುಪಾಲು ಜನರ ಬದುಕಿನಲ್ಲಿ ಇಷ್ಟು ದೊಡ್ಡ ಖರೀದಿ ಇನ್ನೊಂದಿರುವುದಿಲ್ಲ. ನಿವೃತ್ತಿಯ ಗಂಟಿನಲ್ಲಿ ಒಂದು ಪಾಲನ್ನು ಬಿಚ್ಚಿ ಕೊಡುವ ಹಣ ಅದು.

ಇಷ್ಟು ದೊಡ್ಡ ಮೊತ್ತದ ವಸ್ತುವಿಗೆ ಬೆಲೆಚೀಟಿ ಇಲ್ಲದಿರುವುದರ ತೊಂದರೆ ಊರಿನಿಂದ ಊರಿಗೆ ಬೇರೆಯಾಗುತ್ತದೆ. ಈ ಉದ್ಯಮದ ದೊಡ್ಡ ಭಾಗ ಮೆಲ್ಬರ್ನ್ ಸುತ್ತ ಇದೆ. ನಗರದ ಉತ್ತರಕ್ಕೆ ಕ್ಯಾಂಪ್‌ಬೆಲ್‌ಫೀಲ್ಡ್‌ನಲ್ಲಿ ಹ್ಯೂಮ್ ಹೆದ್ದಾರಿಯ ಬದಿಗೆ ಕಾರ್ಖಾನೆಗಳೂ ಮಾರಾಟದ ಅಂಗಳಗಳೂ ಸಾಲಾಗಿ ನಿಂತಿವೆ. 1975ರಲ್ಲಿ ಆರಂಭವಾದ ಜೇಕೋ ಎಂಬ ದೊಡ್ಡ ತಯಾರಿಕಾ ಸಂಸ್ಥೆ ನಗರದ ಆಗ್ನೇಯದ ಡಾಂಡೆನಾಂಗ್‌ನಲ್ಲಿದೆ. ಮೆಲ್ಬರ್ನಿನವರು ಒಂದು ಶನಿವಾರ ಕಳೆದರೆ ನಾಲ್ಕಾರು ಅಂಗಳ ಹತ್ತಿ ಇಳಿಯಬಹುದು. ಪಶ್ಚಿಮದ ಪರ್ತ್ ನಗರ ರಸ್ತೆಯಲ್ಲಿ ಸುಮಾರು 3,400 ಕಿಲೋಮೀಟರ್ ದೂರ. ಉತ್ತರದ ಡಾರ್ವಿನ್ ಅದಕ್ಕಿಂತಲೂ ದೂರ. ಒಳನಾಡಿನ ಗಣಿ ಊರಿನಲ್ಲಿರುವವರಿಗೆ ಹತ್ತಿರದ ಅಂಗಳವೇ ದಿನದ ಪ್ರಯಾಣ. ತಮ್ಮ ಕೈಗೆ ಎಟುಕುತ್ತದೆಯೇ ಇಲ್ಲವೇ ಎಂಬ ಮೊದಲ ಪ್ರಶ್ನೆಗೆ ಉತ್ತರ ಪಡೆಯಲು ಅವರು ಮಾರಾಟಗಾರನ ಕರೆಗಾಗಿ ಕಾದು ಕೂರಬೇಕು.

ಕಾನೂನು ಬಿಟ್ಟಿರುವ ಸಂದು

ಹಾಗಾದರೆ ಇದು ಕಾನೂನಿಗೆ ವಿರುದ್ಧವಲ್ಲವೇ? ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಕೀಲಿ ಇಲ್ಲಿದೆ.

ಆಸ್ಟ್ರೇಲಿಯಾದ ಗ್ರಾಹಕ ಕಾನೂನು 2011ರ ಜನವರಿ 1ರಿಂದ ದೇಶಕ್ಕೆಲ್ಲ ಒಂದೇ ಆಗಿ ಜಾರಿಯಲ್ಲಿದೆ. ಅದರ 48ನೇ ಕಲಂ ಬೆಲೆಯ ಬಗ್ಗೆ ಕಟ್ಟುನಿಟ್ಟಾಗಿ ಮಾತನಾಡುತ್ತದೆ. ಬೆಲೆಯ ಒಂದು ಭಾಗವನ್ನು ಹೇಳಿದರೆ, ತೆರಿಗೆ, ಸುಂಕ, ಗ್ರಾಹಕ ತಪ್ಪಿಸಿಕೊಳ್ಳಲಾಗದ ಶುಲ್ಕಗಳೆಲ್ಲ ಸೇರಿದ ಒಟ್ಟು ಮೊತ್ತವನ್ನೂ ಒಂದೇ ಅಂಕಿಯಾಗಿ ಹೇಳಬೇಕು. ಹತ್ತು ಪ್ರತಿಶತ ಜಿಎಸ್‌ಟಿಯನ್ನು ಬಿಟ್ಟು ಬೆಲೆ ಹಾಕುವಂತಿಲ್ಲ, ಕಡ್ಡಾಯ ಶುಲ್ಕವನ್ನು ಕೊನೆಯಲ್ಲಿ ತೂರಿಸುವಂತಿಲ್ಲ. ಮೊದಲು ಕಡಿಮೆ ಹೇಳಿ ಹಂತಹಂತವಾಗಿ ಏರಿಸುತ್ತ ಹೋಗುವ ಈ ಚಾಳಿಯನ್ನು ಅಲ್ಲಿಯ ಸ್ಪರ್ಧೆ ಮತ್ತು ಗ್ರಾಹಕ ಆಯೋಗ ಲಘುವಾಗಿ ತೆಗೆದುಕೊಂಡಿಲ್ಲ. ವಿಮಾನ ಟಿಕೆಟ್ ಕಾಯ್ದಿರಿಸುವ ಶುಲ್ಕವನ್ನು ತಡವಾಗಿ ತೋರಿಸಿ ಗ್ರಾಹಕರ ದಾರಿ ತಪ್ಪಿಸಿದ್ದಕ್ಕೆ 2017ರಲ್ಲಿ ಫೆಡರಲ್ ನ್ಯಾಯಾಲಯ ಜೆಟ್‌ಸ್ಟಾರ್‌ಗೆ 5,45,000 ಡಾಲರ್, ವರ್ಜಿನ್ ಆಸ್ಟ್ರೇಲಿಯಾಗೆ 2,00,000 ಡಾಲರ್ ದಂಡ ಹಾಕಿತು.

ಆದರೆ ಈ ಕಲಂ ಎಚ್ಚೆತ್ತುಕೊಳ್ಳುವುದು ಮಾರಾಟಗಾರ ಬೆಲೆಯ ಬಗ್ಗೆ ಬಾಯಿಬಿಟ್ಟಾಗ ಮಾತ್ರ. ಜಾಹೀರಾತಿನಲ್ಲಿ ಬೆಲೆ ಇರಲೇಬೇಕು ಎಂದು ಅದು ಹೇಳುವುದಿಲ್ಲ. ಅರ್ಧ ಬೆಲೆ ಹೇಳಿದವನಿಗೆ ಶಿಕ್ಷೆಯಿದೆ, ಏನೂ ಹೇಳದವನಿಗೆ ಯಾವ ಭಯವೂ ಇಲ್ಲ. ಈಗ ಮಾರಾಟಗಾರನ ಸ್ಥಾನದಲ್ಲಿ ನಿಂತು ಯೋಚಿಸಿ. ‘ಇಷ್ಟರಿಂದ ಆರಂಭ’ ಎಂದು ಹಾಕಿದರೆ ನೋಂದಣಿ, ಮುದ್ರಾಂಕ ಶುಲ್ಕ, ಅಂಗಳಕ್ಕೆ ತರಿಸಿ ಸಿದ್ಧಪಡಿಸಿದ ಖರ್ಚು ಎಲ್ಲವನ್ನೂ ಸೇರಿಸಿ ಲೆಕ್ಕ ಕೊಡಬೇಕಾದ ಹೊಣೆ ಬರುತ್ತದೆ. ಕರ್ನಾಟಕದಲ್ಲಿ ಕಾರು ಕೊಂಡವರಿಗೆ ಶೋರೂಮ್ ಬೆಲೆಗೂ ಆನ್‌ರೋಡ್ ಬೆಲೆಗೂ ಇರುವ ಅಂತರ ಚೆನ್ನಾಗಿ ಗೊತ್ತು. ಆಸ್ಟ್ರೇಲಿಯಾದಲ್ಲಿ ಆ ಎರಡನೆಯದಕ್ಕೆ ‘ಡ್ರೈವ್ ಅವೇ’ ಬೆಲೆ ಎನ್ನುತ್ತಾರೆ. ರಾಜ್ಯದಿಂದ ರಾಜ್ಯಕ್ಕೆ ಸುಂಕವೂ ನೋಂದಣಿ ಶುಲ್ಕವೂ ಬದಲಾಗುವುದರಿಂದ ಆ ಲೆಕ್ಕ ಸುಲಭವಲ್ಲ. ಸುಮ್ಮನಿದ್ದರೆ ಈ ಯಾವ ತಲೆನೋವೂ ಇಲ್ಲ. ಗ್ರಾಹಕರಿಗೆ ಪೂರ್ಣ ಬೆಲೆ ಸಿಗಲೆಂದು ಮಾಡಿದ ಕಾನೂನು, ಕಡ್ಡಾಯವೆಂಬ ಒಂದು ಪದ ಇಲ್ಲದ್ದರಿಂದ, ಮೌನವನ್ನೇ ಅತ್ಯಂತ ಸುರಕ್ಷಿತ ದಾರಿಯನ್ನಾಗಿ ಮಾಡಿಕೊಟ್ಟಿದೆ.

ಬೆಲೆ ಪ್ರಕಟಣೆಯನ್ನು ಕಡ್ಡಾಯ ಮಾಡುವುದು ಕಾನೂನು ಮಾಡುವವರಿಗೆ ಹೊಸದೂ ಅಲ್ಲ. ಪೆಟ್ರೋಲಿನ ವಿಷಯದಲ್ಲಿ ಪಶ್ಚಿಮ ಆಸ್ಟ್ರೇಲಿಯಾ ರಾಜ್ಯ 2001ರಲ್ಲೇ ಫ್ಯುಯೆಲ್‌ವಾಚ್ ಎಂಬ ವ್ಯವಸ್ಥೆ ತಂದಿತು. ಬಂಕ್‌ಗಳು ಮರುದಿನದ ದರವನ್ನು ಹಿಂದಿನ ದಿನ ಮಧ್ಯಾಹ್ನವೇ ತಿಳಿಸಬೇಕು, ಜನ ಅದನ್ನು ನೋಡಿ ಎಲ್ಲಿ ತುಂಬಿಸಬೇಕೆಂದು ನಿರ್ಧರಿಸುತ್ತಾರೆ. ನ್ಯೂ ಸೌತ್ ವೇಲ್ಸ್ ರಾಜ್ಯ 2016ರಲ್ಲಿ ಪೆಟ್ರೋಲ್ ದರ ತೋರಿಸುವ ಫ್ಯುಯೆಲ್‌ಚೆಕ್ ಆರಂಭಿಸಿತು. ದೊಡ್ಡ ಸೂಪರ್‌ಮಾರುಕಟ್ಟೆಗಳು 2009ರ ಡಿಸೆಂಬರ್‌ನಿಂದ ಹೆಚ್ಚಿನ ದಿನಸಿಗಳಿಗೆ ಪೊಟ್ಟಣದ ಬೆಲೆಯ ಜೊತೆಗೆ ನೂರು ಗ್ರಾಮಿಗೋ ಲೀಟರಿಗೋ ಎಷ್ಟು ಬೀಳುತ್ತದೆಂದು ಬರೆಯಬೇಕು. ಮನೆ ಮಾರಾಟದಲ್ಲೂ ವಿಕ್ಟೋರಿಯಾ ರಾಜ್ಯ 2017ರ ಮೇ 1ರಿಂದ ದಲ್ಲಾಳಿಗಳಿಗೆ ಒಂದು ಮಾಹಿತಿ ಪತ್ರವನ್ನು ಕಡ್ಡಾಯ ಮಾಡಿದೆ. ಮನೆಗೆ ಅಂದಾಜು ಎಷ್ಟು ಬೆಲೆ ಬರಬಹುದು, ಸುತ್ತಮುತ್ತ ಅಂಥದ್ದೇ ಮನೆಗಳು ಎಷ್ಟಕ್ಕೆ ಮಾರಾಟವಾಗಿವೆ, ಆ ಬಡಾವಣೆಯ ಮಧ್ಯಮ ಬೆಲೆ ಎಷ್ಟು ಎಂದು ಅದರಲ್ಲಿ ತಿಳಿಸಬೇಕು. ಅಂದಾಜನ್ನು ವ್ಯಾಪ್ತಿಯಾಗಿ ಕೊಟ್ಟರೆ ಮೇಲಿನ ಅಂಕಿಗೂ ಕೆಳಗಿನದಕ್ಕೂ ಹತ್ತು ಪ್ರತಿಶತಕ್ಕಿಂತ ಹೆಚ್ಚು ಅಂತರ ಇರುವಂತಿಲ್ಲ. ಒಂದರಂತೆ ಇನ್ನೊಂದಿಲ್ಲದ, ಹರಾಜಿನಲ್ಲಿ ಬೆಲೆ ತೀರ್ಮಾನವಾಗುವ ಮನೆಗೇ ಅಂದಾಜು ಹಾಕಲು ಸಾಧ್ಯವಿರುವಾಗ, ಒಂದೇ ನಕ್ಷೆಯಿಂದ ಸಾಲುಸಾಲಾಗಿ ಹೊರಬರುವ ಕ್ಯಾರವಾನಿಗೆ ಸಾಧ್ಯವಿಲ್ಲ ಎನ್ನುವ ವಾದವನ್ನು ನಾನು ಒಪ್ಪಲಾರೆ. ವಿಕ್ಟೋರಿಯಾದ ಕಾನೂನಿನಿಂದ ಮನೆಗಳ ಬೆಲೆಯನ್ನು ಕಡಿಮೆ ತೋರಿಸುವ ಆಟ ಪೂರ್ತಿ ನಿಂತಿತೆಂದು ಹೇಳುತ್ತಿಲ್ಲ. ಆದರೆ ದಲ್ಲಾಳಿ ಬರೆದುಕೊಟ್ಟ ಒಂದು ಅಂಕಿ ಕೈಯಲ್ಲಿದ್ದರೆ ದೂರು ಕೊಡಲು ಆಧಾರವಿರುತ್ತದೆ.

ಒಂದೇ ಬೆಲೆ ಎಂಬುದೇ ಇಲ್ಲದಾಗ

ಮಾರಾಟಗಾರರು ಕೊಡುವ ಮೊದಲ ಕಾರಣ, ಪ್ರತಿ ಗಿರಾಕಿಯೂ ತನಗೆ ಬೇಕಾದಂತೆ ಮಾಡಿಸಿಕೊಳ್ಳುತ್ತಾನೆ, ಆದ್ದರಿಂದ ಒಂದೇ ಬೆಲೆ ಹೇಳಲಾಗದು ಎಂಬುದು. ಇದರಲ್ಲಿ ಸತ್ಯದ ಅಂಶವಿದೆ. ಹೆಚ್ಚುವರಿ ಬ್ಯಾಟರಿ, ಕಚ್ಚಾ ರಸ್ತೆಗೆ ಒಗ್ಗುವ ಸಸ್ಪೆನ್ಷನ್, ಮಕ್ಕಳಿಗೆ ಒಂದರ ಮೇಲೊಂದು ಹಾಸಿಗೆ, ಇನ್ನೊಂದು ಹವಾನಿಯಂತ್ರಕ ಹೀಗೆ ಸೇರುತ್ತ ಹೋದರೆ ಮೊತ್ತ ಏರುತ್ತದೆ. ಆದರೆ ಕಾರು ತಯಾರಕರು ಇದೇ ಸಮಸ್ಯೆಯನ್ನು ಬಗೆಹರಿಸಿ ಬಹಳ ಕಾಲವಾಯಿತು. ಮೂಲ ಮಾದರಿಗೆ ಒಂದು ಬೆಲೆ, ಪ್ರತಿ ಹೆಚ್ಚುವರಿಗೂ ಒಂದೊಂದು ಬೆಲೆ, ಆಯ್ದುಕೊಂಡಂತೆ ಪರದೆಯ ಮೇಲೆ ಒಟ್ಟು ಮೊತ್ತ ಬದಲಾಗುತ್ತದೆ. ಇದೇ ಆಸ್ಟ್ರೇಲಿಯಾದಲ್ಲಿ ಹೋಂಡಾ 2021ರ ಜುಲೈನಲ್ಲಿ, ಮರ್ಸಿಡಿಸ್ ಬೆಂಜ್ 2022ರ ಜನವರಿಯಲ್ಲಿ ದೇಶಕ್ಕೆಲ್ಲ ಒಂದೇ ಬೆಲೆ ಎಂಬ ಪದ್ಧತಿಗೆ ಹೋದವು. ಅದರಿಂದ ಚೌಕಾಸಿಯ ಅವಕಾಶ ಹೋಯಿತೆಂದು ಬೇಸರಪಟ್ಟವರೂ ಇದ್ದಾರೆ. ಏನೇ ಇರಲಿ, ಆಯ್ಕೆಗಳು ಹೆಚ್ಚಿವೆ ಎಂಬುದು ಬೆಲೆ ಮುಚ್ಚಿಡಲು ಕಾರಣವಾಗಲಾರದು ಎಂಬುದಕ್ಕೆ ಅದು ಸಾಕ್ಷಿ.

ಎರಡನೆಯ ಕಾರಣ ಕಚ್ಚಾವಸ್ತುಗಳ ದರ. ಕೋವಿಡ್ ಕಾಲದಲ್ಲಿ ವಿದೇಶ ಪ್ರಯಾಣ ನಿಂತು, ಜನ ದೇಶದೊಳಗೇ ಸುತ್ತಲು ಹೊರಟಾಗ ಕ್ಯಾರವಾನಿಗೆ ಬೇಡಿಕೆ ಉಕ್ಕಿತು. ಅಲ್ಯೂಮಿನಿಯಂ, ಮರ, ಹಡಗು ಸಾಗಣೆ ಎಲ್ಲವೂ ತುಟ್ಟಿಯಾದವು. ಇವತ್ತು ಹೇಳಿದ ದರ ಮಾಲು ಕೊಡುವ ಹೊತ್ತಿಗೆ ನಷ್ಟಕ್ಕೆ ದಾರಿಯಾಗುತ್ತಿತ್ತು. ಆ ದಿನಗಳಿಗೆ ಇದು ನ್ಯಾಯವಾದ ಅಳುಕೇ. ಈಗಲೂ ಅದನ್ನೇ ಹೇಳುವುದಾದರೆ, ‘ಈ ಬೆಲೆ ಇಂಥ ದಿನಾಂಕದವರೆಗೆ’ ಎಂದು ಬರೆಯುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಬಾಯಿಬಿಟ್ಟು ಹೇಳದ ಕಾರಣಗಳು ಇವಕ್ಕಿಂತ ಗಟ್ಟಿಯಾದವು. ಅರ್ಥಶಾಸ್ತ್ರದಲ್ಲಿ ಒಂದು ಹೆಸರಾಂತ ತರ್ಕವಿದೆ. 1981ರಲ್ಲಿ ಸ್ಯಾನ್‌ಫರ್ಡ್ ಗ್ರಾಸ್‌ಮನ್ ಮತ್ತು ಪಾಲ್ ಮಿಲ್‌ಗ್ರೋಮ್ ಪ್ರತ್ಯೇಕವಾಗಿ ಅದನ್ನು ಮಂಡಿಸಿದರು. ಒಳ್ಳೆಯ ಸುದ್ದಿ ಇರುವವನು ಅದನ್ನು ಹೇಳಿಕೊಳ್ಳುತ್ತಾನೆ. ಅವನು ಹೇಳಿಕೊಂಡ ಮೇಲೆ ಸುಮ್ಮನಿರುವವರ ಮೇಲೆ ಅನುಮಾನ ಬರುತ್ತದೆ, ಆದ್ದರಿಂದ ಅವನ ನಂತರದವನೂ ಹೇಳಲೇಬೇಕಾಗುತ್ತದೆ. ಹೀಗೆ ಒಬ್ಬರ ಹಿಂದೆ ಒಬ್ಬರು ಬಾಯಿಬಿಟ್ಟು, ಕೊನೆಗೆ ಅತ್ಯಂತ ಕೆಟ್ಟ ಮಾಲಿನವನೊಬ್ಬನೇ ಮೌನವಾಗಿ ಉಳಿಯಬೇಕು. ಈ ತರ್ಕದ ಪ್ರಕಾರ ಅಗ್ಗವಾಗಿ ಕೊಡುವ ಮಾರಾಟಗಾರನಾದರೂ ಬೆಲೆಯನ್ನು ಎತ್ತಿ ತೋರಿಸಬೇಕಿತ್ತು. ಕ್ಯಾರವಾನ್ ಅಂಗಳಗಳಲ್ಲಿ ಹಾಗೇಕೆ ಆಗುತ್ತಿಲ್ಲ?

ನನಗೆ ಕಾಣುವ ಉತ್ತರ ಇದು. ಹಾಗೆ ತೋರಿಸಲು ಮೊದಲು ಒಂದು ನಿಗದಿತ ಬೆಲೆ ಇರಬೇಕು. ಇಲ್ಲಿ ಬೆಲೆ ಹುಟ್ಟುವುದು ಗಿರಾಕಿ ಅಂಗಳಕ್ಕೆ ಕಾಲಿಟ್ಟ ಮೇಲೆ. ಹಳೆಯ ಕ್ಯಾರವಾನನ್ನು ಬದಲಿಗೆ ಕೊಡುತ್ತಾನೆಯೇ, ಸಾಲಕ್ಕೆ ಅಂಗಳದವರ ಮೂಲಕವೇ ಹೋಗುತ್ತಾನೆಯೇ, ಎಷ್ಟು ಅವಸರದಲ್ಲಿದ್ದಾನೆ, ಬೇರೆ ಅಂಗಳಗಳನ್ನು ನೋಡಿ ಬಂದಿದ್ದಾನೆಯೇ ಎಂಬುದನ್ನೆಲ್ಲ ಅಳೆದ ಮೇಲೆ ಒಂದು ಅಂಕಿ ಹೊರಬರುತ್ತದೆ. ಲಾಭವೂ ಒಂದೇ ಕಡೆ ಇರುವುದಿಲ್ಲ. ಮಾಲಿನ ಬೆಲೆಯಲ್ಲಿ ಬಿಟ್ಟುಕೊಟ್ಟಿದ್ದನ್ನು ಹಳೆಯ ವಾಹನವನ್ನು ಕಡಿಮೆಗೆ ಕಟ್ಟಿಯೋ ಸಾಲದ ಕಮಿಷನ್ನಿನಲ್ಲೋ ವಾಪಸು ಪಡೆಯಬಹುದು. ವಾಹನ ಸಾಲದಲ್ಲಿ ಡೀಲರನೇ ಗ್ರಾಹಕನ ಬಡ್ಡಿದರ ಏರಿಸಿ ಹೆಚ್ಚು ಕಮಿಷನ್ ಗಳಿಸುವ ಪದ್ಧತಿ ಆಸ್ಟ್ರೇಲಿಯಾದಲ್ಲಿ ಎಷ್ಟು ಹಬ್ಬಿತ್ತೆಂದರೆ, ಹಣಕಾಸು ನಿಯಂತ್ರಕ ಸಂಸ್ಥೆ 2018ರ ನವೆಂಬರ್ 1ರಿಂದ ಅದನ್ನು ನಿಷೇಧಿಸಬೇಕಾಯಿತು.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದವರು ನೋಡಿರುತ್ತಾರೆ, ದಳ್ಳಾಳಿ ಟವೆಲ್ಲಿನ ಮರೆಯಲ್ಲಿ ರೈತನ ಕೈ ಹಿಡಿದು ಬೆರಳುಗಳನ್ನು ಒತ್ತಿ ಬೆಲೆ ಹೇಳುತ್ತಾನೆ. ಪಕ್ಕದ ಜೋಡಿ ಎಷ್ಟಕ್ಕೆ ಹೋಯಿತೆಂದು ಹತ್ತು ಹೆಜ್ಜೆ ಆಚೆ ನಿಂತವನಿಗೂ ತಿಳಿಯುವುದಿಲ್ಲ. ಎಲ್ಲ ಕೈಗಳನ್ನೂ ಮುಟ್ಟಿದ ದಳ್ಳಾಳಿಗೆ ಮಾತ್ರ ಇಡೀ ಜಾತ್ರೆಯ ದರ ಗೊತ್ತಿರುತ್ತದೆ. ಅಲ್ಲಿ ಒಂದು ಸಮಾಧಾನವಾದರೂ ಇದೆ. ಎತ್ತಿನಿಂದ ಎತ್ತಿಗೆ ಹಲ್ಲು, ಸುಳಿ, ನಡಿಗೆ ಬೇರೆ, ಬೆಲೆಯೂ ಬೇರೆಯಾಗಲೇಬೇಕು. ಕ್ಯಾಂಪ್‌ಬೆಲ್‌ಫೀಲ್ಡ್‌ನ ಕಾರ್ಖಾನೆಯಿಂದ ಒಂದೇ ವಾರ ಹೊರಬಿದ್ದ ಒಂದೇ ಮಾದರಿಯ ಎರಡು ಕ್ಯಾರವಾನ್‌ಗಳಿಗೆ ಆ ಸಮರ್ಥನೆ ಇಲ್ಲ.

ಫೋನ್ ಸಂಖ್ಯೆಯ ಮಾತೂ ಇದಕ್ಕೆ ಸೇರಿದ್ದೇ. ಬೆಲೆ ಕೇಳಿದವನ ಸಂಖ್ಯೆ ಒಮ್ಮೆ ಕೈಸೇರಿದರೆ ಅವನು ಆಸಕ್ತ ಗಿರಾಕಿಗಳ ಪಟ್ಟಿಗೆ ಸೇರುತ್ತಾನೆ, ಕರೆಗಳೂ ಸಂದೇಶಗಳೂ ಬರತೊಡಗುತ್ತವೆ. ಮೆಲ್ಬರ್ನ್ ಶೋಗ್ರೌಂಡ್ಸ್‌ನಲ್ಲಿ ಪ್ರತಿವರ್ಷ ನಡೆಯುವಂಥ ದೊಡ್ಡ ಪ್ರದರ್ಶನಗಳಲ್ಲಿ ‘ಪ್ರದರ್ಶನಕ್ಕಷ್ಟೇ ವಿಶೇಷ ಬೆಲೆ’ ಎಂದು ಮುಂಗಡ ಕಟ್ಟಿಸಿಕೊಳ್ಳುತ್ತಾರೆ. ಮಾಮೂಲಿ ಬೆಲೆ ಎಲ್ಲೂ ಪ್ರಕಟವಾಗಿಲ್ಲದಿದ್ದರೆ ಆ ವಿಶೇಷ ಬೆಲೆಯಲ್ಲಿ ವಿಶೇಷ ಎಷ್ಟು ಎಂದು ಅಳೆಯಲು ಗಿರಾಕಿಯ ಬಳಿ ಏನಿದೆ?

ಹುಡುಕಾಟದ ಖರ್ಚು ಯಾರ ತಲೆಗೆ

ಬೆಲೆ ತಿಳಿಯಲು ತಗಲುವ ಶ್ರಮವೂ ಒಂದು ಖರ್ಚೇ ಎಂದು ಅರ್ಥಶಾಸ್ತ್ರಕ್ಕೆ ಮನವರಿಕೆ ಮಾಡಿಕೊಟ್ಟವರು ಜಾರ್ಜ್ ಸ್ಟಿಗ್ಲರ್. 1961ರ ಅವರ ಪ್ರಬಂಧ ಒಂದೇ ವಸ್ತು ಒಂದೇ ಊರಿನಲ್ಲಿ ಬೇರೆಬೇರೆ ಬೆಲೆಗೆ ಏಕೆ ಮಾರಾಟವಾಗುತ್ತದೆಂದು ವಿವರಿಸಿತು. ಹತ್ತು ವರ್ಷದ ನಂತರ, 1971ರಲ್ಲಿ, ಪೀಟರ್ ಡೈಮಂಡ್ ಇನ್ನೂ ಆತಂಕದ ತೀರ್ಮಾನಕ್ಕೆ ಬಂದರು. ಅದನ್ನು ಕ್ಯಾರವಾನ್ ಅಂಗಳಕ್ಕೆ ಹೊಂದಿಸಿ ಹೇಳುತ್ತೇನೆ. ಒಂದು ಪಟ್ಟಣದಲ್ಲಿ ಹತ್ತು ಅಂಗಳಗಳಿವೆ, ಒಂದರಿಂದ ಇನ್ನೊಂದಕ್ಕೆ ಹೋಗಿ ಬೆಲೆ ಕೇಳಿ ಬರಲು ಗಿರಾಕಿಗೆ ಇನ್ನೂರು ಡಾಲರಿನಷ್ಟು ಸಮಯ ಮತ್ತು ಇಂಧನ ಖರ್ಚಾಗುತ್ತದೆ ಎಂದುಕೊಳ್ಳೋಣ. ಇದು ಗೊತ್ತಿರುವ ಮಾರಾಟಗಾರ ಬೇರೆಯವರಿಗಿಂತ ನೂರು ಡಾಲರ್ ಹೆಚ್ಚು ಹೇಳಿದರೂ ಗಿರಾಕಿ ಎದ್ದು ಹೋಗುವುದಿಲ್ಲ, ಏಕೆಂದರೆ ಹೋಗಿ ಉಳಿಸುವುದಕ್ಕಿಂತ ಹೋಗುವ ಖರ್ಚೇ ಹೆಚ್ಚು. ಹತ್ತೂ ಜನ ಹೀಗೆ ಯೋಚಿಸಿದರೆ ಎಲ್ಲರ ಬೆಲೆಯೂ ನೂರು ಏರುತ್ತದೆ. ಏರಿದ ಮೇಲೆ ಮತ್ತೆ ಅದೇ ಲೆಕ್ಕ. ಕೊನೆಗೆ ಹತ್ತು ಅಂಗಳಗಳಿದ್ದರೂ, ಒಬ್ಬನೇ ಮಾರಾಟಗಾರನಿದ್ದರೆ ಎಷ್ಟಾಗುತ್ತಿತ್ತೋ ಅಷ್ಟಕ್ಕೆ ಬೆಲೆ ಹೋಗಿ ನಿಲ್ಲುತ್ತದೆ. ನಿಜವಾದ ಪೇಟೆ ಈ ಸೂತ್ರದಷ್ಟು ಬಿಗಿಯಾಗಿರುವುದಿಲ್ಲ. ಆದರೂ ಎಷ್ಟು ಅಂಗಡಿಗಳಿವೆ ಎಂಬುದರಿಂದ ಮಾತ್ರ ಸ್ಪರ್ಧೆ ಹುಟ್ಟುವುದಿಲ್ಲ, ಬೆಲೆ ಹೋಲಿಸುವುದು ಎಷ್ಟು ಸುಲಭ ಎಂಬುದರ ಮೇಲೆ ಅದು ನಿಂತಿದೆ ಎಂಬ ಮಾತು ಇಲ್ಲಿ ಸ್ಪಷ್ಟವಾಗುತ್ತದೆ. ಈ ಕ್ಷೇತ್ರದ ಕೆಲಸಕ್ಕಾಗಿ ಡೈಮಂಡ್ ಅವರಿಗೆ 2010ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಬಂತು.

ಬೆಲೆ ತಿಳಿದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಕರಾವಳಿಯ ನೆರೆಯಲ್ಲೇ ಒಂದು ಉದಾಹರಣೆಯಿದೆ. 1997ರಿಂದ 2001ರ ನಡುವೆ ಉತ್ತರ ಕೇರಳದ ಮೀನುಗಾರರಿಗೆ ಮೊಬೈಲ್ ಫೋನ್ ಸಿಕ್ಕಿತು. ಕಡಲಿನಲ್ಲಿರುವಾಗಲೇ ಯಾವ ದಂಡೆಯಲ್ಲಿ ಬೂತಾಯಿಗೆ ಎಷ್ಟು ದರವಿದೆಯೆಂದು ಕೇಳಿ ದೋಣಿ ತಿರುಗಿಸತೊಡಗಿದರು. ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ದಂಡೆಯಿಂದ ದಂಡೆಗಿದ್ದ ದರದ ವ್ಯತ್ಯಾಸ ಬಹುಮಟ್ಟಿಗೆ ಅಳಿಯಿತು, ಕೊಳ್ಳುವವರಿಲ್ಲದೆ ಮೀನು ಚೆಲ್ಲುವುದು ನಿಂತಿತು, ಮೀನುಗಾರರ ಲಾಭ ಸುಮಾರು ಎಂಟು ಪ್ರತಿಶತ ಏರಿತು, ತಿನ್ನುವವರಿಗೆ ಬೆಲೆ ಸುಮಾರು ನಾಲ್ಕು ಪ್ರತಿಶತ ಇಳಿಯಿತು. ಕೊಳ್ಳುವವರಿಗೂ ಮಾರುವವರಿಗೂ ಒಟ್ಟಿಗೆ ಒಳ್ಳೆಯದಾಯಿತು. ಬೆಲೆ ಪ್ರಕಟಿಸಿದರೆ ಮಾರಾಟಗಾರನ ಮನೆ ಮುಳುಗುತ್ತದೆಂಬ ಭಯಕ್ಕೆ ಇದು ಉತ್ತರ.

ಮುಚ್ಚಿದ ಬೆಲೆಯ ಇನ್ನೊಂದು ಮುಖ ನನ್ನನ್ನು ಹೆಚ್ಚು ಕಾಡುತ್ತದೆ. ಬೆಲೆ ವ್ಯಕ್ತಿಯನ್ನು ನೋಡಿ ಹುಟ್ಟುವುದಾದರೆ ಯಾವ ವ್ಯಕ್ತಿಗೆ ಎಷ್ಟು? ಅಮೆರಿಕದ ಕಾನೂನು ಪಂಡಿತ ಇಯಾನ್ ಏರ್ಸ್ 1991ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಶಿಕಾಗೊ ಪ್ರದೇಶದ ಕಾರು ಡೀಲರುಗಳ ಬಳಿಗೆ ಒಂದೇ ರೀತಿ ಮಾತನಾಡಲು ತರಬೇತಿ ಪಡೆದವರನ್ನು ಕಳುಹಿಸಿ ಪರೀಕ್ಷಿಸಿದರು. ಡೀಲರ್ ಇಟ್ಟುಕೊಂಡ ಲಾಭ ಬಿಳಿಯ ಪುರುಷರಿಗಿಂತ ಬಿಳಿಯ ಮಹಿಳೆಯರಿಂದ ನಲವತ್ತು ಪ್ರತಿಶತ ಹೆಚ್ಚು, ಕಪ್ಪು ಪುರುಷರಿಂದ ಎರಡು ಪಟ್ಟಿಗೂ ಹೆಚ್ಚು, ಕಪ್ಪು ಮಹಿಳೆಯರಿಂದ ಮೂರು ಪಟ್ಟಿಗೂ ಹೆಚ್ಚು ಇತ್ತು. ಅಲ್ಲಿಯ ಹೊಸ ಕಾರುಗಳ ಗಾಜಿನ ಮೇಲೆ 1958ರ ಕಾನೂನಿನಂತೆ ತಯಾರಕ ಸೂಚಿಸಿದ ಬೆಲೆಯ ಚೀಟಿ ಇದ್ದೇ ಇರುತ್ತದೆ. ಅದಿದ್ದೂ ಚೌಕಾಸಿಯ ಕತ್ತಲೆಯಲ್ಲಿ ಇಷ್ಟು ತಾರತಮ್ಯ ನಡೆದಿತ್ತು. ಮುಂದೆ 2003ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಇಂಟರ್‌ನೆಟ್ ಮೂಲಕ ಬೆಲೆ ತಿಳಿದು ಕೊಂಡ ಅಲ್ಪಸಂಖ್ಯಾತರು ಬಿಳಿಯರಷ್ಟೇ ಬೆಲೆ ಕೊಟ್ಟರೆಂದು ತೋರಿಸಿತು. ಆಸ್ಟ್ರೇಲಿಯಾದ ಕ್ಯಾರವಾನ್ ಅಂಗಳಗಳಲ್ಲಿ ಇಂಥದ್ದೇ ತಾರತಮ್ಯವಿದೆ ಎಂದು ನಾನು ಹೇಳುತ್ತಿಲ್ಲ. ಇದೆಯೇ ಎಂದು ಪರೀಕ್ಷಿಸಲು ಬೇಕಾದ ಅಂಕಿ ಯಾರ ಕಣ್ಣಿಗೂ ಬೀಳದಂತಿದೆ ಎಂಬುದಷ್ಟೇ ನನ್ನ ಆಕ್ಷೇಪ. ಹೊಸದಾಗಿ ದೇಶಕ್ಕೆ ಬಂದ ಕುಟುಂಬ, ಗಂಡ ತೀರಿಕೊಂಡ ಮೇಲೆ ಒಬ್ಬಳೇ ಪ್ರಯಾಣ ಹೊರಡುವ ಮಹಿಳೆ, ಚೌಕಾಸಿಯೆಂದರೆ ಮುದುಡಿಕೊಳ್ಳುವ ಸಂಕೋಚದ ಮನುಷ್ಯ ಹೆಚ್ಚು ಹಣ ತೆರುತ್ತಿದ್ದರೆ ಅದು ಅವರಿಗೂ ತಿಳಿಯುವುದಿಲ್ಲ.

ಗುಣಮಟ್ಟದ ಪ್ರಶ್ನೆಯೂ ಇಲ್ಲಿ ಬಂದು ಸೇರುತ್ತದೆ. ಸ್ಪರ್ಧೆ ಮತ್ತು ಗ್ರಾಹಕ ಆಯೋಗ 2022ರ ಜುಲೈನಲ್ಲಿ ಹೊಸ ಕ್ಯಾರವಾನ್ ಮಾರಾಟದ ಬಗ್ಗೆಯೇ ಒಂದು ವರದಿ ಹೊರತಂದಿತು. ಅದಕ್ಕಾಗಿ ಉತ್ತರಿಸಿದ 2,200ಕ್ಕೂ ಹೆಚ್ಚು ಮಾಲೀಕರಲ್ಲಿ ಎಂಬತ್ತು ಪ್ರತಿಶತ ಜನ ತಮ್ಮ ಹೊಸ ಕ್ಯಾರವಾನಿನಲ್ಲಿ ತೊಂದರೆ ಕಂಡಿದ್ದರು. ದುರಸ್ತಿಗೆ ಅಲೆದಾಟ, ತಡವಾಗಿ ಬರುವ ಮಾಲು, ಯಾವ ಕಾರು ಎಷ್ಟು ಎಳೆಯಬಲ್ಲದೆಂಬ ತಪ್ಪು ಮಾತು ಇವೆಲ್ಲ ಆ ವರದಿಯಲ್ಲಿವೆ. ಬೆಲೆಗಳು ಎದುರಿಗಿದ್ದರೆ ಗಿರಾಕಿಯ ಗಮನ ಬೇಗ ಈ ವಿಷಯಗಳತ್ತ ತಿರುಗುತ್ತದೆ. ಬೆಲೆ ಹೊರಡಿಸುವುದಕ್ಕೇ ವಾರಗಳು ಹೋದರೆ, ಒಂದು ಅಂಕಿ ಕೈಗೆ ಬಂದ ಕೂಡಲೇ ಸಾಕಪ್ಪಾ ಎಂದು ಸಹಿ ಹಾಕುವವರೇ ಹೆಚ್ಚು.

ವಿರುದ್ಧ ವಾದದಲ್ಲಿ ತೂಕವಿರುವುದು ಒಂದಿದೆ. ಬೆಲೆಗಳನ್ನು ಬಹಿರಂಗ ಮಾಡಿದರೆ ಮಾರಾಟಗಾರರು ಒಬ್ಬರನ್ನೊಬ್ಬರು ನೋಡಿಕೊಂಡು ಬೆಲೆ ಏರಿಸಬಹುದು. ಇದು ಬರಿಯ ಕಲ್ಪನೆಯಲ್ಲ. ಡೆನ್ಮಾರ್ಕಿನ ಸ್ಪರ್ಧಾ ಪ್ರಾಧಿಕಾರ 1993ರಲ್ಲಿ ಸಿದ್ಧ ಕಾಂಕ್ರೀಟ್ ಕಂಪನಿಗಳ ನಿಜವಾದ ವ್ಯವಹಾರದ ದರಗಳನ್ನು ಪ್ರಕಟಿಸಲು ಶುರುಮಾಡಿದಾಗ ಒಂದು ವರ್ಷದೊಳಗೆ ಬೆಲೆ 15ರಿಂದ 20 ಪ್ರತಿಶತ ಏರಿತು. ಆದರೆ ಅಲ್ಲಿದ್ದವು ಬೆರಳೆಣಿಕೆಯ ಕಂಪನಿಗಳು, ಮಾಲು ಒಂದೇ ಬಗೆಯದು, ಬಯಲಾದದ್ದು ಗುಟ್ಟಾಗಿ ಕೊಡುತ್ತಿದ್ದ ರಿಯಾಯಿತಿ. ಒಬ್ಬ ರಿಯಾಯಿತಿ ಕೊಟ್ಟರೆ ಉಳಿದವರಿಗೆ ತಕ್ಷಣ ತಿಳಿಯುತ್ತಿದ್ದುದರಿಂದ ಯಾರೂ ಕೊಡದಾದರು. ಆಸ್ಟ್ರೇಲಿಯಾದ ಕ್ಯಾರವಾನ್ ಉದ್ಯಮದಲ್ಲಿ ಚಿಕ್ಕದೊಡ್ಡ ತಯಾರಕರು ಬಹಳ, ಮಾದರಿಗಳು ಅದಕ್ಕಿಂತ ಬಹಳ. ಜನ ಕೇಳುತ್ತಿರುವುದೂ ಮಾರಾಟದ ಲೆಕ್ಕಪುಸ್ತಕವನ್ನಲ್ಲ, ಜಾಹೀರಾತಿನಲ್ಲಿ ಒಂದು ಪಟ್ಟಿ ಬೆಲೆಯನ್ನು. ಅದರ ಕೆಳಗೆ ಚೌಕಾಸಿ ಮಾಡಿ ಇಳಿಸಿಕೊಳ್ಳುವ ಸ್ವಾತಂತ್ರ್ಯ ಇಬ್ಬರಿಗೂ ಉಳಿಯುತ್ತದೆ.

ತಯಾರಕರು ಡೀಲರುಗಳ ಕೈ ಕಟ್ಟುವಂತಿಲ್ಲ ಎಂಬ ಕಾನೂನಿನ ಹಿಂದೆ ಅಡಗುವವರೂ ಇದ್ದಾರೆ. ಇಷ್ಟಕ್ಕಿಂತ ಕಡಿಮೆಗೆ ಮಾರಬೇಡ ಎಂದು ಡೀಲರನಿಗೆ ಷರತ್ತು ಹಾಕುವುದು ಆಸ್ಟ್ರೇಲಿಯಾದಲ್ಲಿ ಕಾನೂನುಬಾಹಿರ ಎಂಬುದು ನಿಜ. ಆದರೆ ಶಿಫಾರಸು ಬೆಲೆಯನ್ನು ಶಿಫಾರಸು ಎಂದೇ ಪ್ರಕಟಿಸಲು ಅದೇ ಕಾನೂನು ದಾರಿ ಬಿಟ್ಟಿದೆ.

ಭಾರತದಲ್ಲಿ ಪೊಟ್ಟಣದ ಮೇಲೆ ಎಂಆರ್‌ಪಿ ಓದಿ ಬೆಳೆದ ನಮಗೆ ಬೆಲೆಯಿಲ್ಲದ ವಸ್ತು ವಿಚಿತ್ರವಾಗಿ ಕಾಣಬಹುದು. 2020ರ ಇ-ಕಾಮರ್ಸ್ ನಿಯಮಗಳು ಆನ್‌ಲೈನ್ ಮಾರುಕಟ್ಟೆಯ ಮೂಲಕ ಮಾರುವವರಿಗೆ ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ, ವಿವರದೊಡನೆ ತೋರಿಸಬೇಕೆಂದು ವಿಧಿಸಿವೆ. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಪಟ್ಟಿ ಮಾಡಿದ ಹದಿಮೂರು ಬಗೆಯ ಜಾಲತಾಣಗಳ ಮೋಸದ ವಿನ್ಯಾಸಗಳಲ್ಲಿ (ಡಾರ್ಕ್ ಪ್ಯಾಟರ್ನ್) ಬೆಲೆಯನ್ನು ಹನಿಹನಿಯಾಗಿ ಏರಿಸುವುದೂ ಸೇರಿದೆ. ಆದರೂ ಬೆಂಗಳೂರಿನ ಅಪಾರ್ಟ್‌ಮೆಂಟ್ ಫಲಕಗಳಲ್ಲಿ, ಇನ್‌ಸ್ಟಾಗ್ರಾಮಿನ ಸೀರೆ ಅಂಗಡಿಗಳಲ್ಲಿ ‘ಬೆಲೆಗೆ ಸಂದೇಶ ಕಳುಹಿಸಿ’ ಎಂಬುದು ಮಾಮೂಲಾಗಿದೆ. ಎಲ್ಲಿ ಕಾನೂನಿನ ಕೈ ತಲುಪುವುದಿಲ್ಲವೋ ಅಲ್ಲಿ ಮೌನ ಬೇರು ಬಿಡುವುದು ಎರಡೂ ದೇಶಗಳಲ್ಲಿ ಒಂದೇ.

ಏನು ಬದಲಾಗಬೇಕು? 48ನೇ ಕಲಮಿನ ಪಕ್ಕದಲ್ಲಿ ಒಂದು ಸಣ್ಣ ನಿಯಮ ಸಾಕು ಎಂದು ನನಗನಿಸುತ್ತದೆ. ಹೊಸ ಕ್ಯಾರವಾನಿನ ಮಾದರಿಯನ್ನು ಜಾಹೀರಾತು ಮಾಡುವವರು ಮೂಲ ಮಾದರಿಯ ಡ್ರೈವ್ ಅವೇ ಬೆಲೆಯನ್ನು ತಾವು ಮಾರುವ ರಾಜ್ಯಕ್ಕೆ ತಕ್ಕಂತೆ, ದಿನಾಂಕದೊಡನೆ ಪ್ರಕಟಿಸಬೇಕು. ಚಿತ್ರದಲ್ಲಿ ತೋರಿಸಿದ ಹೆಚ್ಚುವರಿಗಳಿಗೆ ಪ್ರತ್ಯೇಕ ಬೆಲೆ ಇರಬೇಕು. ವೈಯಕ್ತಿಕ ವಿವರ ಕೇಳದೆಯೇ ಅದು ಕಾಣಬೇಕು. ಅಮೆರಿಕದಲ್ಲಿ 1984ರಿಂದ ಶವಸಂಸ್ಕಾರ ನಡೆಸುವ ಸಂಸ್ಥೆಗಳು ಫೋನಿನಲ್ಲಿ ಕೇಳಿದವರಿಗೂ ಬೆಲೆ ಹೇಳಲೇಬೇಕೆಂಬ ನಿಯಮವಿದೆ, ಕೇಳುವವರು ಹೆಸರು ಹೇಳಬೇಕಾಗಿಲ್ಲ. ಅಲ್ಲಿ ದುಃಖದಲ್ಲಿರುವವರಿಗೆ ಚೌಕಾಸಿಯ ಶಕ್ತಿ ಇರುವುದಿಲ್ಲವೆಂದು ಕಾನೂನು ಒಪ್ಪಿಕೊಂಡಿತು. ಜೀವಮಾನದಲ್ಲಿ ಒಮ್ಮೆ ಕ್ಯಾರವಾನ್ ಕೊಳ್ಳುವವರು ಪ್ರತಿದಿನ ಮಾರುವವರ ಎದುರು ಕೂತಾಗಲೂ ಬಲಾಬಲ ಸಮವಾಗಿರುವುದಿಲ್ಲ.

ಆ ನಿಯಮ ಬರುವವರೆಗೆ ಕೊಳ್ಳುವವರು ಮಾಡಬಹುದಾದ್ದು ಇದೆ. ಅಂಗಳಕ್ಕೆ ಹೋಗುವ ಮೊದಲು ಇಮೇಲ್‌ನಲ್ಲಿ, ತಮ್ಮ ರಾಜ್ಯದ ನೋಂದಣಿ ಸೇರಿದ ಒಟ್ಟು ಬೆಲೆಯನ್ನು ಬರಹದಲ್ಲಿ ಕೇಳಬೇಕು. ಕನಿಷ್ಠ ಮೂರು ಅಂಗಳಗಳಿಗೆ ಒಂದೇ ಪಟ್ಟಿಯನ್ನು ಕಳುಹಿಸಿದರೆ ಹೋಲಿಕೆ ಸಾಧ್ಯ. ಕೊಡದವರನ್ನು ಬಿಟ್ಟು ಮುಂದೆ ಹೋಗುವುದು ಒಳ್ಳೆಯದು, ಏಕೆಂದರೆ ಬರಹದಲ್ಲಿ ಬೆಲೆ ಕೊಡಲು ಹಿಂಜರಿಯುವವರು ಮುಂದೆ ದುರಸ್ತಿಯ ಹೊಣೆಯನ್ನು ಬರಹದಲ್ಲಿ ಒಪ್ಪುವುದು ಕಷ್ಟ. ಹಳೆಯ ವಾಹನದ ಬದಲಿ ಮತ್ತು ಸಾಲದ ಮಾತನ್ನು ಬೆಲೆ ತೀರ್ಮಾನವಾಗುವವರೆಗೆ ಎತ್ತಬಾರದು. ಮನಸ್ಸು ಬದಲಾಯಿಸಿದರೆ ಮುಂಗಡ ವಾಪಸಾಗುತ್ತದೆಂಬ ಖಾತರಿಯನ್ನು ಗ್ರಾಹಕ ಕಾನೂನು ಕೊಡುವುದಿಲ್ಲ, ಆದ್ದರಿಂದ ಪ್ರದರ್ಶನದ ಗದ್ದಲದಲ್ಲಿ ಹಣ ಕಟ್ಟುವ ಮೊದಲು ವಾಪಸಿನ ಷರತ್ತನ್ನು ಓದಬೇಕು. ಕೊಟೇಶನ್ನಿನಲ್ಲಿ ಮಾಲು ಕೊಡುವ ದಿನಾಂಕ ಮತ್ತು ಎಲ್ಲ ಹೆಚ್ಚುವರಿಗಳು ಸೇರಿದ ಮೇಲಿನ ಖಾಲಿ ತೂಕವನ್ನು ಬರೆಸಿಕೊಳ್ಳಬೇಕು. ಬಂದ ದಿನ ತೂಕಸೇತುವೆಯ ಮೇಲೆ ನಿಲ್ಲಿಸಿ ತೂಗಿಸಿ, ಬರೆದುಕೊಟ್ಟ ತೂಕ ತಾಳೆಯಾದ ಮೇಲೆಯೇ ಉಳಿದ ಹಣ ಕೊಡುವುದಾಗಿ ಒಪ್ಪಂದದಲ್ಲೇ ಸೇರಿಸಿಕೊಂಡರೆ ಒಳ್ಳೆಯದು.